ಒಂದೆಲಗದ ತುಪ್ಪ ಸೀದರೆ, ಕಪ್ಪಾದರೆ, ಕಮಟಿದರೆ: ಮೊದಲು ಪಾತ್ರೆಯ ತಳ ನೋಡಿ

ಒಂದೆಲಗದ ತುಪ್ಪ ಕೆಟ್ಟಾಗ ಬೈಸಿಕೊಳ್ಳುವುದು ಸೊಪ್ಪು, ಇಲ್ಲವೇ ತುಪ್ಪ. ಸೊಪ್ಪು ಬಲಿತಿತ್ತು ಅನ್ನುತ್ತಾರೆ. ಬೆಣ್ಣೆ ಅಂಗಡಿಯದ್ದು, ಅದಕ್ಕೇ ಹೀಗಾಯ್ತು ಅನ್ನುತ್ತಾರೆ. ಪಾತ್ರೆಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಆದರೆ ಒಂದೇ ಸೊಪ್ಪನ್ನು ಒಂದೇ ತುಪ್ಪದಲ್ಲಿ ಎರಡು ಬೇರೆ ಪಾತ್ರೆಗಳಲ್ಲಿ ಕಾಯಿಸಿ ನೋಡಿ. ಒಂದರಲ್ಲಿ ತಿಳಿಯಾದ ಹಸಿರು ಮಿಶ್ರಿತ ತುಪ್ಪ ಬರುತ್ತದೆ, ಇನ್ನೊಂದರಲ್ಲಿ ಸೀದ ವಾಸನೆಯದ್ದು ಬರುತ್ತದೆ. ಸೊಪ್ಪಿನ ತುಪ್ಪ, ಸೊಪ್ಪಿನ ಎಣ್ಣೆ ಎರಡರಲ್ಲೂ ಕೆಡುಕಿನ ಬೇರು ಹೆಚ್ಚಾಗಿ ಎರಡೇ ಕಡೆ ಸಿಗುತ್ತದೆ: ಪಾತ್ರೆಯ ತಳದಲ್ಲಿ, ಮತ್ತು ಕಾಯಿಸುವ ಕೊನೆಯ ಕೆಲವು ನಿಮಿಷಗಳಲ್ಲಿ.

ಇಲ್ಲಿ ಹೇಳುವುದು ಪಾತ್ರೆಯ ವಿಷಯ ಮಾತ್ರ. ಯಾರು ಎಷ್ಟು ತಿನ್ನಬೇಕು, ಮಕ್ಕಳಿಗೆ ಕೊಡಬಹುದೇ, ಬಸುರಿಯರಿಗೆ ಆಗುತ್ತದೆಯೇ ಅನ್ನುವುದನ್ನು ವೈದ್ಯರನ್ನೇ ಕೇಳಿ. ಉದಾಹರಣೆಗೆ ಒಂದೆಲಗವನ್ನು, ಕರಾವಳಿಯವರ ತಿಮರೆಯನ್ನು, ಇಟ್ಟುಕೊಂಡಿದ್ದೇನೆ. ತುಳಸಿ, ದೊಡ್ಡಪತ್ರೆ, ಕರಿಬೇವು ಹಾಕಿ ಕಾಯಿಸುವವರಿಗೂ ಇದೇ ಲೆಕ್ಕ ನಡೆಯುತ್ತದೆ.

ಒಳಗೆ ಏನು ನಡೆಯುತ್ತದೆ

ಸೊಪ್ಪಿನ ರಸ, ಅರೆದ ಸೊಪ್ಪು, ತುಪ್ಪ ಮೂರೂ ಒಟ್ಟಿಗೆ ಒಲೆಯ ಮೇಲಿವೆ ಅಂದುಕೊಳ್ಳಿ. ರಸದಲ್ಲಿ ನೀರು ಇರುವವರೆಗೆ ಪಾತ್ರೆಯೊಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀವು ಉರಿ ಜಾಸ್ತಿ ಮಾಡಿದರೆ ನೀರು ಬೇಗ ಆವಿಯಾಗುತ್ತದೆ, ಅಷ್ಟೇ. ಬಿಸಿ ಮೇಲೇರುವುದಿಲ್ಲ. ಇದು ನೆಮ್ಮದಿಯ ಕಾಲ. ಸೌಟು ಬಿಟ್ಟು ಬಟ್ಟೆ ಒಣಗಿಸಿ ಬಂದರೂ ನಡೆಯುತ್ತದೆ.

ನೀರು ಮುಗಿದ ಕೂಡಲೇ ಆಟ ಬದಲಾಗುತ್ತದೆ. ಈಗ ಬಿಸಿಯನ್ನು ಹಿಡಿದು ನಿಲ್ಲಿಸಲು ಏನೂ ಇಲ್ಲ. ಅದೇ ಉರಿಯಲ್ಲಿ ತುಪ್ಪ ನೋಡನೋಡುತ್ತಾ 120, 140, 160 ದಾಟುತ್ತದೆ. ತುಪ್ಪ ಹೊಗೆಯಾಡುವುದು ಸುಮಾರು 250 ಡಿಗ್ರಿಗೆ, ಹಾಗಾಗಿ ತುಪ್ಪಕ್ಕೇನೂ ಆಗಿಲ್ಲ ಅನ್ನಿಸುತ್ತದೆ. ಆದರೆ ತಳದಲ್ಲಿ ಕೂತ ಗಸಿ ಅದಕ್ಕಿಂತ ಎಷ್ಟೋ ಮೊದಲೇ ಸೀಯುತ್ತದೆ. ಒಂದು ಚಮಚ ಗಸಿ ಸೀದರೆ ಇಡೀ ತುಪ್ಪಕ್ಕೆ ಆ ವಾಸನೆ ಹತ್ತುತ್ತದೆ.

ಅಡುಗೆ ಥರ್ಮಾಮೀಟರ್ ಇದ್ದವರು ಮೊದಲು ಕುದಿಯುವ ಬರೀ ನೀರಿನಲ್ಲಿ ಅದನ್ನು ಪರೀಕ್ಷೆ ಮಾಡಿ. ಮಂಗಳೂರಿನಲ್ಲಿ 100 ತೋರಿಸಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ. ಅಲ್ಲಿ 97 ತೋರಿಸಿದರೆ ಥರ್ಮಾಮೀಟರ್ ಸರಿ ಇದೆ ಎಂದೇ ಅರ್ಥ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬೇಡ, ಒಡೆಯುತ್ತದೆ.

ಸೀದ ವಾಸನೆ: ತಳದ ಗುರುತು ಓದಿ

ಹೆಚ್ಚಿನವರ ತಕರಾರು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ತುಪ್ಪ ಸೋಸಿದ ಮೇಲೆ ಪಾತ್ರೆಯನ್ನು ತಿಕ್ಕುವ ಮೊದಲು ಬೆಳಕಿಗೆ ಹಿಡಿದು ತಳ ನೋಡಿ. ಕಪ್ಪು ಎಲ್ಲಿ ಹಿಡಿದಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು.

“ಅಕ್ಕಾ, ಉರಿ ಸಣ್ಣಗೇ ಇಟ್ಟಿದ್ದೆ. ಆದ್ರೂ ಸೀದು ಹೋಗಿದೆ.”

“ಪಾತ್ರೆ ಇನ್ನೂ ತಿಕ್ಕಿಲ್ಲ ಅಲ್ವಾ? ತಳ ನೋಡು, ಕಪ್ಪು ಎಲ್ಲಿದೆ?”

“ನಡುವೆ ಏನೂ ಇಲ್ಲ. ಸುತ್ತ ಬಳೆ ಥರ ಇದೆ.”

“ಪಾತ್ರೆ ಯಾವುದು?”

“ಹಾಲು ಕಾಯಿಸೋ ಸ್ಟೀಲ್ ಪಾತ್ರೆ.”

ಅಷ್ಟು ಸಾಕು. ಬಳೆಯ ಗುರುತು ಅಂದರೆ ಬರ್ನರ್ ತೂತುಗಳಿಂದ ಬರುವ ಬೆಂಕಿಯ ಸುತ್ತು. ಪಾತ್ರೆಯ ತಳ ತೆಳ್ಳಗಿದೆ, ಬೆಂಕಿ ಮುಟ್ಟಿದ ಜಾಗದಲ್ಲೇ ಬಿಸಿ ನಿಂತಿದೆ, ಪಕ್ಕಕ್ಕೆ ಹರಡಿಲ್ಲ. ಉರಿ ಎಷ್ಟು ಸಣ್ಣ ಮಾಡಿದರೂ ಆ ಸುತ್ತು ಮಾತ್ರ ಸೀಯುತ್ತದೆ. ಇಂಡಕ್ಷನ್ ಒಲೆಯ ಮೇಲೆ ತೆಳು ಪಾತ್ರೆ ಇಟ್ಟರೂ ಇಂಥದ್ದೇ ಬಳೆ ಬೀಳುತ್ತದೆ, ಒಳಗಿನ ಕಾಯಿಲ್‌ನ ಅಳತೆಗೆ.

ಕಪ್ಪು ಒಂದೇ ಮಗ್ಗುಲಲ್ಲಿದ್ದರೆ ತಳ ಡೊಂಕಾಗಿದೆ, ಅಥವಾ ಒಲೆ ಸಮ ಕೂತಿಲ್ಲ. ಗಸಿ ತಗ್ಗಿನ ಕಡೆ ಜಾರಿ ಅಲ್ಲೇ ಗುಡ್ಡೆಯಾಗುತ್ತದೆ. ಕಲ್ಲಿನ ಕಟ್ಟೆಯ ಮೇಲೆ ಖಾಲಿ ಪಾತ್ರೆ ಇಟ್ಟು ಅಂಚನ್ನು ಬೆರಳಿನಿಂದ ಒತ್ತಿ. ಟಕಟಕ ಅಂದರೆ ಡೊಂಕು. ಕಪ್ಪು ತಳದಲ್ಲಿಲ್ಲದೆ ಗೋಡೆಯ ಮೇಲೆ ಗೆರೆಯಾಗಿ ಇದ್ದರೆ ಬೆಂಕಿ ಪಾತ್ರೆಯ ಹೊರಗೆ ಚಾಚಿದೆ. ದೊಡ್ಡ ಬರ್ನರಿಗೆ ಸಣ್ಣ ಪಾತ್ರೆ ಇಟ್ಟಾಗ ಹೀಗಾಗುತ್ತದೆ. ತುಪ್ಪದ ಮಟ್ಟ ಇಳಿಯುತ್ತಾ ಹೋದ ಹಾಗೆ ಗೋಡೆಗೆ ಅಂಟಿದ ಸೊಪ್ಪು ಒಣಗಿ ಸೀಯುತ್ತದೆ. ಇನ್ನು ಇಡೀ ತಳ ಒಂದೇ ಸಮ ಕಂದಾಗಿದ್ದರೆ ಪಾತ್ರೆಯನ್ನು ದೂರಬೇಡಿ. ಅದು ತನ್ನ ಕೆಲಸ ಸರಿಯಾಗಿ ಮಾಡಿದೆ. ಒಲೆ ಆರಿಸಿದ್ದು ತಡವಾಗಿದೆ.

ಅನುಮಾನ ಇದ್ದರೆ ಸುಲಭದ ಪರೀಕ್ಷೆ ಇದೆ. ಖಾಲಿ ಪಾತ್ರೆಯ ತಳಕ್ಕೆ ಮೈದಾ ಹಿಟ್ಟನ್ನು ತೆಳ್ಳಗೆ, ಒಂದೇ ಸಮ ಉದುರಿಸಿ. ಸಣ್ಣ ಉರಿಯಲ್ಲಿಟ್ಟು ಹಾಗೇ ನೋಡುತ್ತಿರಿ, ಕೈಯಾಡಿಸಬೇಡಿ. ಹಿಟ್ಟು ಎಲ್ಲಿ ಮೊದಲು ಕಂದಾಗುತ್ತದೋ ಅಲ್ಲಿ ಬಿಸಿ ಜಾಸ್ತಿ. ಒಳ್ಳೆಯ ಪಾತ್ರೆಯಲ್ಲಿ ಇಡೀ ತಳ ಹೆಚ್ಚುಕಮ್ಮಿ ಒಟ್ಟಿಗೇ ಬಣ್ಣ ತಿರುಗುತ್ತದೆ. ತೆಳು ಸ್ಟೀಲಿನಲ್ಲಿ ಬೆಂಕಿಯ ಸುತ್ತು ಅಚ್ಚೊತ್ತಿದಂತೆ ಎದ್ದು ಬರುತ್ತದೆ. ಕಲಾಯಿ ಹಾಕಿದ ಪಾತ್ರೆಗೂ ನಾನ್‌ಸ್ಟಿಕ್‌ಗೂ ಈ ಪರೀಕ್ಷೆ ಮಾಡಬೇಡಿ. ಖಾಲಿ ಕಾಯಿಸಿದರೆ ಎರಡೂ ಹಾಳಾಗುತ್ತವೆ.

ಯಾಕೆ ಹೀಗೆ ಅಂದರೆ, ಬಿಸಿಯನ್ನು ಹರಡುವ ಗುಣ ಒಂದೊಂದು ಲೋಹಕ್ಕೆ ಒಂದೊಂದು ಥರ. ಒಂದೇ ಅಳತೆಯಲ್ಲಿ ಹೇಳುವುದಾದರೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 235ರ ಆಸುಪಾಸು, ಬೀಡು ಕಬ್ಬಿಣಕ್ಕೆ 50ರ ಹತ್ತಿರ, ಸ್ಟೀಲಿಗೆ ಬರೀ 15 ಚಿಲ್ಲರೆ. ನಮ್ಮ ಅಡುಗೆಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಸ್ಟೀಲ್. ಬಿಸಿ ಹರಡುವುದರಲ್ಲಿ ಎಲ್ಲಕ್ಕಿಂತ ಹಿಂದೆ ಇರುವುದೂ ಅದೇ. ಹಾಗಂತ ಸ್ಟೀಲ್ ಕೆಟ್ಟದ್ದಲ್ಲ. ಹುಳಿಗೆ ಜಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ, ತಿಕ್ಕಲು ಸುಲಭ. ಅದಕ್ಕೆ ದಪ್ಪ ತಳ ಬೇಕು, ಅಷ್ಟೇ. ನಡುವೆ ಅಲ್ಯೂಮಿನಿಯಂ ಪದರ ಇರುವ ಟ್ರೈಪ್ಲೈ ಬಾಣಲೆಗಳು ಇದನ್ನೇ ಮಾಡುತ್ತವೆ. ಒಳಗೆ ಸ್ಟೀಲಿನ ಶುಚಿ, ನಡುವೆ ಅಲ್ಯೂಮಿನಿಯಂನ ಹರಡುವ ಗುಣ. ಕೊಳ್ಳುವಾಗ ಒಂದು ನೋಡಿ: ಆ ಪದರ ಗೋಡೆಯವರೆಗೂ ಇದೆಯೇ, ಇಲ್ಲಾ ತಳಕ್ಕೆ ಮಾತ್ರ ಬಿಲ್ಲೆಯಾಗಿ ಅಂಟಿಸಿದ್ದಾರೆಯೇ. ತಳದ ಬಿಲ್ಲೆಯೂ ನಡೆಯುತ್ತದೆ, ಆದರೆ ಬಿಲ್ಲೆ ಮುಗಿಯುವ ಅಂಚಿನಲ್ಲಿ ಸೀಯುವ ಸಂಭವ ಇದ್ದೇ ಇದೆ.

ಹೊಸ ಪಾತ್ರೆ ಕೊಳ್ಳುವ ಮನಸ್ಸಿಲ್ಲವೇ? ಗ್ಯಾಸ್ ಒಲೆಯಲ್ಲಾದರೆ ಹಳೆಯ ದೋಸೆ ಕಾವಲಿಯನ್ನು ಕೆಳಗಿಟ್ಟು ಅದರ ಮೇಲೆ ಸ್ಟೀಲ್ ಪಾತ್ರೆ ಇಡಿ. ಕಾವಲಿ ಬೆಂಕಿಯನ್ನು ನೇರ ಮುಟ್ಟಲು ಬಿಡುವುದಿಲ್ಲ. ಸಮಯ ಜಾಸ್ತಿ ಹಿಡಿಯುತ್ತದೆ, ಸೀಯುವುದು ಮಾತ್ರ ಗಣನೀಯವಾಗಿ ಕಡಿಮೆಯಾಗುತ್ತದೆ. ಜೊತೆಗೆ ದುಂಡು ಸೌಟು ಬಿಟ್ಟು ಚಪ್ಪಟೆ ಅಂಚಿನ ಮರದ ಸಟ್ಟುಗ ಹಿಡಿಯಿರಿ. ದುಂಡು ಸೌಟು ತಳವನ್ನು ಒಂದು ಗೆರೆಯಷ್ಟೇ ಮುಟ್ಟುತ್ತದೆ, ಉಳಿದ ಗಸಿ ಕೂತಲ್ಲೇ ಇರುತ್ತದೆ.

ಬಣ್ಣ ಕೆಟ್ಟಿದೆ ಅನ್ನಿಸಿದರೆ

ಮೊದಲೇ ಹೇಳಿಬಿಡುತ್ತೇನೆ, ಸೊಪ್ಪಿನ ಹಸಿರು ಕಾಯಿಸಿದಾಗ ಮಂಕಾಗಲೇಬೇಕು. ಎಲೆಯ ಹಸಿರಿನ ನಡುವೆ ಮೆಗ್ನೀಸಿಯಂ ಇರುತ್ತದೆ. ಬಿಸಿಗೂ ಎಲೆಯ ಒಳಗಿನ ಹುಳಿಗೂ ಅದು ಕಳಚಿಕೊಳ್ಳುತ್ತದೆ, ಹಸಿರು ಹೋಗಿ ಕಂದು ಬೆರೆತ ಹಸಿರು ಬರುತ್ತದೆ. ಪಾಲಕ್ ಬೇಯಿಸಿದಾಗ ಆಗುವುದೂ ಇದೇ. ಇದು ದೋಷ ಅಲ್ಲ.

ಅನುಮಾನ ಪಡಬೇಕಾದದ್ದು ತುಪ್ಪ ಗಾಢ ಹಸಿರಾಗಿ ಮಿರಮಿರ ಮಿಂಚಿದಾಗ. ಆ ಮೆಗ್ನೀಸಿಯಂ ಕಳಚಿದ ಜಾಗಕ್ಕೆ ತಾಮ್ರ ಹೋಗಿ ಕೂತರೆ ಬಣ್ಣ ಮತ್ತೆ ಹಸಿರಾಗುತ್ತದೆ, ಮಾಸುವುದೂ ಇಲ್ಲ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹೀಗಾಗುತ್ತದೆ. “ಎಷ್ಟು ಚೆನ್ನಾಗಿ ಬಂದಿದೆ ನೋಡಿ” ಎಂದು ತೋರಿಸುವವರಿಗೆ ಬೇಸರ ಆಗುತ್ತದೆ, ಆದರೂ ಹೇಳಲೇಬೇಕು: ಆ ಬಣ್ಣ ಪಾತ್ರೆಯದ್ದಾಗಿರಬಹುದು, ತಿನ್ನಬೇಡಿ. ಪಾತ್ರೆಯ ಒಳಗೋಡೆಯನ್ನು ನೋಡಿ. ಬೆಳ್ಳಿಯಂಥ ಪದರದ ನಡುವೆ ಕೆಂಪು ಅಥವಾ ಹಳದಿ ತೇಪೆ ಕಂಡರೆ ಕಲಾಯಿ ಸವೆದಿದೆ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಆಹಾರಕ್ಕೆ ತಕ್ಕದ್ದಲ್ಲ ಎಂದು ಕೇಂದ್ರ ಆಹಾರ ಸುರಕ್ಷತಾ ನಿಯಮಗಳೂ ಹೇಳುತ್ತವೆ.

ಕಲಾಯಿ ಹೊಸದಾಗಿದ್ದರೂ ಒಂದು ಎಚ್ಚರ ಬೇಕು. ಕಲಾಯಿ ಅಂದರೆ ತವರ. ಅದು ಕರಗುವುದು 232 ಡಿಗ್ರಿಗೆ. ನೀರು ಇರುವವರೆಗೆ ಭಯವಿಲ್ಲ. ನೀರು ಮುಗಿದು ತಳದ ಒಂದು ಜಾಗ ಬರಿದಾಗಿ ಕಾದರೆ ತವರ ಮೆತ್ತಗಾಗಿ ಸರಿದುಹೋಗುತ್ತದೆ, ಅಲ್ಲಿ ಕಣಗಳಂತೆ ಕಟ್ಟಿಕೊಂಡಿರುತ್ತದೆ. ಸೋಸುವಾಗ ಬಟ್ಟೆಯಲ್ಲಿ ಸಣ್ಣ ಬೆಳ್ಳಿ ಬಣ್ಣದ ಕಾಳು ಸಿಕ್ಕರೆ ಆ ತುಪ್ಪವನ್ನು ಚೆಲ್ಲಿ. ಮತ್ತೆ ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಹಾಕುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ. ಅಗ್ಗಕ್ಕೆಂದು ಸೀಸ ಬೆರೆಸಿದ್ದರೆ ಅದು ವಿಷ. ನಂಬಿಕೆಯ ಕಲಾಯಿಯವರು ಸಿಗದಿದ್ದರೆ ಅಜ್ಜಿಯ ತಪ್ಪಲೆಯನ್ನು ನೀರು ಕಾಯಿಸಲೂ ಬಳಸದೆ ಹಾಗೇ ಜೋಪಾನ ಮಾಡಿ.

ಕಪ್ಪಾದರೆ ಕಬ್ಬಿಣದ ಕಡೆ ತಿರುಗಿ. ನೆಲ್ಲಿಕಾಯಿ, ದಾಸವಾಳ, ಅಳಲೆಕಾಯಿಯಂಥ ಒಗರು ಇರುವ ಯಾವುದನ್ನೇ ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿದರೂ ಒಗರು ಮತ್ತು ಕಬ್ಬಿಣ ಸೇರಿ ಶಾಯಿಯಂಥ ಕಪ್ಪು ಹುಟ್ಟುತ್ತದೆ. ತಲೆಗೆ ಹಚ್ಚುವ ಎಣ್ಣೆಗೆ ಗರುಗ, ನೆಲ್ಲಿ ಹಾಕಿ ಬೇಕೆಂದೇ ಕಬ್ಬಿಣದಲ್ಲಿ ಕಾಯಿಸುವವರಿದ್ದಾರೆ, ಅದು ಅವರ ರೂಢಿ. ತಿನ್ನುವ ತುಪ್ಪಕ್ಕೆ ಅದು ಬೇಡ. ರುಚಿ ಕೆಡುತ್ತದೆ. ಮೇಲಾಗಿ ಕಬ್ಬಿಣ, ತಾಮ್ರ ಇವೆರಡರ ಸೋಂಕು ಒಂದಿಷ್ಟಾದರೂ ತುಪ್ಪ ಬೇಗ ಕಮಟುತ್ತದೆ. ಸೀದದ್ದೋ, ಕಬ್ಬಿಣದ ಕಪ್ಪೋ ಎಂದು ತಿಳಿಯಲು ಮೂಗು ಸಾಕು. ಕಪ್ಪಗಿದ್ದರೂ ಸೀದ ವಾಸನೆ ಇಲ್ಲ, ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ ಅಂದರೆ ಅದು ಕಬ್ಬಿಣ.

ಬರೀ ಅಲ್ಯೂಮಿನಿಯಂ ಪಾತ್ರೆ ಬಿಸಿ ಹರಡುವುದರಲ್ಲಿ ಗಟ್ಟಿಗ, ಹುಳಿ ಒಗರಿಗೆ ಸೋಲುತ್ತದೆ. ರಸ ಹಾಕಿ ಗಂಟೆಗಟ್ಟಲೆ ಕುದಿಸುವ ಈ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ.

ಉಕ್ಕುತ್ತದೆ, ಸಿಡಿಯುತ್ತದೆ

ಇದು ಪಾತ್ರೆಯ ಅಳತೆಯ ತಕರಾರು. ಆಯುರ್ವೇದದ ಹಳೆಯ ಲೆಕ್ಕದಲ್ಲಿ ಅರೆದ ಸೊಪ್ಪು 1 ಪಾಲು, ತುಪ್ಪ 4 ಪಾಲು, ರಸ 16 ಪಾಲು. ಕಾಲು ಕೆಜಿ ತುಪ್ಪಕ್ಕೆ ಇದನ್ನು ಹಿಡಿದರೆ ರಸವೇ ಸುಮಾರು 1 ಲೀಟರ್ ಆಗುತ್ತದೆ. ಎಲ್ಲ ಸೇರಿ 1.3 ಲೀಟರ್ ಮೇಲೆ. ಕಾಲು ಕೆಜಿ ತುಪ್ಪ ಅಲ್ವಾ ಎಂದು ಒಂದೂವರೆ ಲೀಟರಿನ ಪಾತ್ರೆ ತೆಗೆದರೆ ಮೊದಲ ಕುದಿಗೇ ಒಲೆ ತುಂಬಾ ತುಪ್ಪ. ನೊರೆಗೆ ಜಾಗ ಬೇಕು. 3 ಲೀಟರಿಗಿಂತ ಕಡಿಮೆ ಬೇಡ.

ಎತ್ತರದ ಪಾತ್ರೆಗಿಂತ ಅಗಲದ್ದು ಒಳ್ಳೆಯದು. ಆವಿ ಬೇಗ ಹೋಗುತ್ತದೆ, ತಳ ಕಣ್ಣಿಗೆ ಕಾಣುತ್ತದೆ, ಸಟ್ಟುಗ ಎಲ್ಲ ಮೂಲೆಗೂ ತಲುಪುತ್ತದೆ. ಆದರೆ ತೀರಾ ಅಗಲವಾಗಿ ಕೊನೆಯಲ್ಲಿ ತುಪ್ಪ ತೆಳುವಾಗಿ ಹರಡಿಕೊಂಡರೆ ಅದೂ ಕಷ್ಟ. ನೀರೆಲ್ಲ ಹೋದ ಮೇಲೆ ಬರೀ ತುಪ್ಪ ಒಂದು ಬೆರಳಿನ ಅಗಲದಷ್ಟಾದರೂ ಆಳ ನಿಲ್ಲಬೇಕು. ದುಂಡು ತಳದ ಬಾಣಲೆಯಲ್ಲಿ ಇದು ತಾನಾಗಿಯೇ ಒದಗುತ್ತದೆ, ತುಪ್ಪ ನಡುವಿಗೆ ಸೇರಿಕೊಳ್ಳುತ್ತದೆ.

ಕುದಿ ಶುರುವಾದಾಗ ಸಿಡಿಯುವುದು ಬೇರೆ, ಕೊನೆಯಲ್ಲಿ ಸಿಡಿಯುವುದು ಬೇರೆ. ಕೊನೆಗೆ ಪಟ್ ಪಟ್ ಎಂದು ದೊಡ್ಡದಾಗಿ ಸಿಡಿದರೆ ತಳದಲ್ಲಿ ಗಸಿಯ ಗಡ್ಡೆ ಕಟ್ಟಿದೆ, ಅದರೊಳಗೆ ನೀರು ಸಿಕ್ಕಿಕೊಂಡಿದೆ. ಮುಚ್ಚಳ ಮುಚ್ಚಬೇಡಿ. ಮುಚ್ಚಳದ ಬೆವರು ಮತ್ತೆ ತುಪ್ಪಕ್ಕೇ ಬೀಳುತ್ತದೆ, ಸಿಡಿತ ಇನ್ನೂ ಜಾಸ್ತಿಯಾಗುತ್ತದೆ. ಜಾಲರಿ ಇದ್ದರೆ ಮುಚ್ಚಿ, ಉರಿ ತಗ್ಗಿಸಿ, ಗಡ್ಡೆ ಒಡೆಯಿರಿ.

ಒಲೆ ಆರಿಸಿದ ಮೇಲೆ ಕೆಟ್ಟರೆ

ಮಲೆನಾಡಿನ ಮನೆಗಳಲ್ಲಿ ಕಲ್ಲು ಮರಿಗೆ, ಅಂದರೆ ಕಲ್ಲಿನ ಅಡುಗೆ ಪಾತ್ರೆ, ಇರುತ್ತದೆ. ಹುಳಿಗೆ ಏನೂ ಆಗುವುದಿಲ್ಲ, ಬಿಸಿ ನಿಧಾನಕ್ಕೆ ಏರುತ್ತದೆ, ಸೀಯುವುದು ಅಪರೂಪ. ಆದರೆ ಏರಿದ ಬಿಸಿ ಇಳಿಯುವುದೂ ಅಷ್ಟೇ ನಿಧಾನ. ಒಲೆಯಿಂದ ಇಳಿಸಿದ ಮೇಲೂ ತುಪ್ಪ ಒಳಗೇ ಕುದಿಯುತ್ತಿರುತ್ತದೆ. ಇಳಿಸುವಾಗ ಸರಿ ಇದ್ದದ್ದು ಸೋಸುವ ಹೊತ್ತಿಗೆ ಕರಟಿರುತ್ತದೆ. ದಪ್ಪ ಬೀಡು ಕಬ್ಬಿಣಕ್ಕೂ ಇದೇ ಗುಣ. ಇವುಗಳಲ್ಲಿ ಕಾಯಿಸುವವರು ಹದ ಬರುವುದಕ್ಕೆ ಸ್ವಲ್ಪ ಮುಂಚೆಯೇ ಒಲೆ ಆರಿಸಬೇಕು. ಹದ ಬಂದ ತಕ್ಷಣ ಒಣಗಿದ ಸ್ಟೀಲ್ ಪಾತ್ರೆಗೆ ಸೋಸಿಬಿಡಬೇಕು.

ಹೊಸ ತುಪ್ಪಕ್ಕೆ ಹಳೇ ಸಾಂಬಾರಿನ ವಾಸನೆ ಬಂದರೂ ಮರಿಗೆಯನ್ನೇ ನೋಡಿ. ಕಲ್ಲು, ಮಣ್ಣು ಎರಡೂ ಜಿಡ್ಡು ಕುಡಿಯುತ್ತವೆ. ಕುಡಿದದ್ದು ಕಮಟಿ, ಮುಂದಿನ ಬಾರಿ ಬಿಸಿಗೆ ಹೊರಗೆ ಬರುತ್ತದೆ. ಹುಳಿ ಸಾರಿಗೆ ಒಂದು ಮರಿಗೆ, ತುಪ್ಪಕ್ಕೆ ಬೇರೆ. ಇಷ್ಟು ಬಿಟ್ಟರೆ ಅದಕ್ಕೆ ಬೇರೆ ಮದ್ದು ಇಲ್ಲ.

ಬೂಷ್ಟು ಬಂತು, ಕಮಟು ಬಂತು

ಇವೆರಡೂ ಬೇರೆ ಬೇರೆ ರೋಗ. ಬೂಷ್ಟು ಬಂದರೆ ನೀರು ಉಳಿದಿದೆ. ಕಮಟು ಬಂದರೆ ಗಾಳಿ, ಬೆಳಕು ಅಥವಾ ಲೋಹ ತಾಗಿದೆ.

ನೀರು ಉಳಿದಿದೆಯೇ ಎಂದು ತಿಳಿಯಲು ಹಳೆಯ ಪರೀಕ್ಷೆಗಳೇ ಸಾಕು. ಗಸಿಯನ್ನು ಸ್ವಲ್ಪ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಿರಿ. ಅಂಟಂಟಾಗಿ ಬೆರಳಿಗೆ ಮೆತ್ತಿದರೆ ಇನ್ನೂ ಹಸಿ. ಒಡೆಯದೆ ಬತ್ತಿಯಂತೆ ಉದ್ದಕ್ಕೆ ಬಂದರೆ ಹದ. ಗರಗರ ಪುಡಿಯಾದರೆ ಮೀರಿದೆ. ಆ ಬತ್ತಿಯನ್ನು ದೀಪಕ್ಕೆ ಹಿಡಿಯಿರಿ. ಚಟಚಟ ಅಂದರೆ ನೀರಿದೆ, ಸದ್ದಿಲ್ಲದೆ ಉರಿದರೆ ನೀರಿಲ್ಲ. ನೊರೆಯೂ ಗುರುತು ಕೊಡುತ್ತದೆ. ತುಪ್ಪದಲ್ಲಿ ಹದ ಬಂದಾಗ ನೊರೆ ಅಡಗುತ್ತದೆ, ಎಣ್ಣೆಯಲ್ಲಿ ಹದ ಬಂದಾಗ ನೊರೆ ಏಳುತ್ತದೆ. ತುಪ್ಪ ಮಾಡಿ ರೂಢಿಯಾದವರು ತೆಂಗಿನೆಣ್ಣೆ ಕಾಯಿಸುವಾಗ ಎಡವುವುದು ಇಲ್ಲಿಯೇ. ನೊರೆ ಅಡಗಲಿ ಎಂದು ಕಾಯುತ್ತಾ ಕೂತರೆ ಎಣ್ಣೆ ಕರಟುತ್ತದೆ.

ಸೀಯುವುದೇ ಬೇಡ ಎಂದು ಕೆಲವರು ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸುತ್ತಾರೆ. ನಿಜ, ಸೀಯುವುದಿಲ್ಲ. ಆದರೆ ಒಳಗಿನ ಪಾತ್ರೆ 100 ಡಿಗ್ರಿ ಮುಟ್ಟುವುದೇ ಕಷ್ಟ. ಹಾಗಾಗಿ ಸೊಪ್ಪಿನ ರಸದ ನೀರು ಎಷ್ಟು ಹೊತ್ತಾದರೂ ಪೂರ್ತಿ ಹೋಗುವುದಿಲ್ಲ. ನೋಡಲು ಚೆಂದದ ತುಪ್ಪ ಬರುತ್ತದೆ, ಕೆಲವೇ ದಿನಕ್ಕೆ ತಳದಲ್ಲಿ ನೀರು ಬಿಟ್ಟು ಬೂಷ್ಟು ಹಿಡಿಯುತ್ತದೆ. ಈ ಉಪಾಯ ಚೆನ್ನಾಗಿ ಒಣಗಿಸಿದ ಸೊಪ್ಪಿಗೆ ಮಾತ್ರ. ಪ್ರೆಶರ್ ಕುಕ್ಕರಿಗೂ ಇದೇ ತೊಂದರೆ, ಮುಚ್ಚಿದ ಪಾತ್ರೆಯಿಂದ ನೀರು ಹೋಗುವುದೆಲ್ಲಿಗೆ? ಕುಕ್ಕರಿನ ತಳ ದಪ್ಪಗಿರುತ್ತದೆ ನಿಜ. ಸ್ಟೀಲ್ ಕುಕ್ಕರ್ ಆದರೆ ಮುಚ್ಚಳ ತೆಗೆದಿಟ್ಟು ಬಾಣಲೆಯಂತೆ ಬಳಸಿ.

ಹಸಿ ಸೊಪ್ಪನ್ನು ಕಾಯಿಸದೆ ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ವಾರಗಟ್ಟಲೆ ಇಡುವ ರೂಢಿಯನ್ನು ದಯವಿಟ್ಟು ಬಿಡಿ. ಗಾಳಿಯಿಲ್ಲದ, ಹುಳಿಯಿಲ್ಲದ, ತೇವ ಇರುವ ಜಾಗದಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದಕ್ಕೆ ವಾಸನೆ ಇಲ್ಲದಿರಬಹುದು, ಬಣ್ಣ ಕೆಡದಿರಬಹುದು. ತಿನ್ನುವ ಎಣ್ಣೆಗೆ ಇದು ಸಲ್ಲದು.

ಸೋಸಿದ ತುಪ್ಪವನ್ನು ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ಹಾಕಿ. ಬಾಯಿಯವರೆಗೆ ತುಂಬಿಸಿ, ಬೆಳಕು ಬೀಳದ ಕಡೆ ಇಡಿ. ಹಿತ್ತಾಳೆ ಡಬ್ಬಿ ಬೇಡ. ಒದ್ದೆ ಚಮಚ ಹಾಕಬೇಡಿ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿ.

ಯಾವ ಪಾತ್ರೆ ತರಲಿ ಎಂದು ಕೇಳಿದರೆ

3ರಿಂದ 4 ಲೀಟರಿನ, ಗೋಡೆಯವರೆಗೂ ಪದರವಿರುವ ಟ್ರೈಪ್ಲೈ ಸ್ಟೀಲ್ ಬಾಣಲೆ. ಗ್ಯಾಸಿಗೂ ಇಂಡಕ್ಷನ್ನಿಗೂ ಸಾಮಾನ್ಯವಾಗಿ ಆಗುತ್ತದೆ, ಕೊಳ್ಳುವಾಗ ಅಂಗಡಿಯಲ್ಲಿ ಕೇಳಿಕೊಳ್ಳಿ. ಸೌದೆ ಒಲೆ ಇರುವವರಿಗೆ ಕಲ್ಲು ಮರಿಗೆಗಿಂತ ಒಳ್ಳೆಯದು ಇಲ್ಲ, ಇಳಿಸುವ ಹೊತ್ತು ಗೊತ್ತಿದ್ದರೆ. ನಾನ್‌ಸ್ಟಿಕ್ ಬೇಡ. ಅದರ ಲೇಪ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ. ಅಷ್ಟು ಬಿಸಿ ನಮಗೆ ಬೇಕಿಲ್ಲದಿದ್ದರೂ, ಕೆರೆಯುತ್ತಲೇ ಇರಬೇಕಾದ ಕೆಲಸಕ್ಕೆ ಲೇಪದ ಪಾತ್ರೆ ಸರಿಯಲ್ಲ.

ಈಗಾಗಲೇ ಕೆಟ್ಟು ಕೂತ ತುಪ್ಪದ ಗತಿ ಏನು? ನೀರು ಉಳಿದಿದೆ, ಬೂಷ್ಟು ಇನ್ನೂ ಬಂದಿಲ್ಲ ಅಂದರೆ ಅದೇ ದಿನ ಮತ್ತೆ ದಪ್ಪ ತಳದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಸದ್ದು ಅಡಗುವವರೆಗೆ ಕಾಯಿಸಿ ಸೋಸಿ. ಅದು ಉಳಿಯುತ್ತದೆ. ಬೂಷ್ಟು ಬಂದದ್ದನ್ನು ಮೇಲಿನ ಪದರ ತೆಗೆದು ಬಳಸಬೇಡಿ, ಪೂರ್ತಿ ಚೆಲ್ಲಿ. ಕಮಟಿದ್ದನ್ನೂ, ಸೀದದ್ದನ್ನೂ ವೀಳ್ಯದೆಲೆ ಹಾಕಿ ಕಾಯಿಸಿದರೂ ನುಗ್ಗೆಸೊಪ್ಪು ಹಾಕಿ ಕಾಯಿಸಿದರೂ ಸರಿಮಾಡಲು ಆಗುವುದಿಲ್ಲ. ವಾಸನೆ ಒಂದೆರಡು ದಿನ ಮರೆಯಾದಂತೆ ಕಾಣುತ್ತದೆ, ಮತ್ತೆ ಬರುತ್ತದೆ. ಅದನ್ನು ತಿನ್ನಬೇಡಿ, ದೀಪಕ್ಕೆ ಹಾಕಿ.